ಮೀನಿನ ಗಾಡಿಯೂ ಎರಡು ಪ್ರೊಸೆಸರುಗಳೂ

ಮೊದಲು ಹಂಗಿಸಿದ್ದು ನಾನೋ ಭಾಸ್ಕರನೋ, ನನಗೆ ಖಚಿತವಿಲ್ಲ. ಭಾಸ್ಕರನೇ ಎನ್ನುತ್ತದೆ ನೆನಪು. ಆದರೆ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಮುಂದೆ ಅದನ್ನೇ ಪಾಠ ಮಾಡಿದವನಿಗೆ, ಪ್ರತಿ ಸಲವೂ ತನ್ನನ್ನೇ ಗೆಲ್ಲಿಸುವ ಸಾಕ್ಷಿಯ ಮೇಲೆ ಅನುಮಾನ ಬರಬೇಕು.

ಕೋಟೇಶ್ವರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಭಾಸ್ಕರ ನನಗಿರುವ ಒಬ್ಬನೇ ಗೆಳೆಯ. ಕಳೆದ ವರ್ಷ ಇಬ್ಬರೂ ಹೊಸ ಕಂಪ್ಯೂಟರ್ ಕೊಂಡೆವು. ಪ್ರೊಸೆಸರು ಮಾತ್ರ ಎದುರಾಳಿ ಕಂಪೆನಿಗಳದ್ದು. ಯಾವುದು ಮೇಲೆಂಬ ವಾದ ಮುಗಿಯದೆ, ಒಂದು ಭಾನುವಾರ ಅವನು ತನ್ನದನ್ನು ಕಾರಿನಲ್ಲಿ ಹಾಕಿಕೊಂಡು ಹೆಮ್ಮಾಡಿಯ ನನ್ನ ಮನೆಗೇ ಬಂದ.

ಒಂದೇ ಮದುವೆಯ ವಿಡಿಯೊವನ್ನು ಎರಡಕ್ಕೂ ಕೊಟ್ಟೆವು. ವೇಗದಲ್ಲಿ ನನ್ನದು ಗೆದ್ದಿತು. ಅವನದರಲ್ಲಿ ಇನ್ನೂ ಧಾರೆ ನಡೆಯುತ್ತಿರುವಾಗ ನನ್ನದರಲ್ಲಿ ಊಟದ ಪಂಕ್ತಿಯೇ ಎದ್ದಿತ್ತು. ಬಿಸಿಯ ವಿಷಯ ಬೇರೆ. ಅವನದು ತಣ್ಣಗಿತ್ತು, ನನ್ನದರ ಹಿಂಬದಿಯ ಗಾಳಿಗೆ ಹಲಸಿನ ಹಪ್ಪಳ ಒಣಗಿಸಬಹುದಿತ್ತು. ನನ್ನದರ ಬೆಲೆಯೂ ಒಂದೂವರೆ ಪಟ್ಟು.

ಸದ್ದು ಅಳೆಯುವ ಸಾಧನವಿರಲಿಲ್ಲ. ಆದರೆ ಸ್ಕೂಟರಿನಲ್ಲಿ ಮೀನು ತರುವ ಬಾಬಣ್ಣ ನಮ್ಮ ಓಣಿಯ ತಿರುವಿನಲ್ಲಿ ಬರುವಾಗಲೂ ಮರಳುವಾಗಲೂ ತಪ್ಪದೆ ಹಾರ್ನ್ ಹೊಡೆಯುತ್ತಾನೆ. ಅವನು ಬರುವಾಗ ನನ್ನ ಯಂತ್ರ ಓಡಲಿ, ಮರಳುವಾಗ ಭಾಸ್ಕರನದು ಎಂದು ಗೊತ್ತುಮಾಡಿಕೊಂಡೆವು. ಹಾರ್ನ್ ಕೇಳಿಸಿದರೆ ಪಾಸು. ನನ್ನ ಯಂತ್ರದ ಫ್ಯಾನಿನ ಅಬ್ಬರದಲ್ಲಿ ಏನೂ ಕೇಳಿಸಲಿಲ್ಲ. ಭಾಸ್ಕರನ ಸರದಿಯಲ್ಲಿ ತಿರುವಿನ ಹಾರ್ನ್ ಸ್ಪಷ್ಟವಾಗಿ ಕೇಳಿಸಿತು, ಓಡಿ ಹೋದೆವು. ಬುಟ್ಟಿ ಖಾಲಿ.

"ಆಗ್ಳೇ ಎರ್ಡ್ ಸಲ ಹಾರ್ನ್ ಹೊಡ್ದೆ ಮಾಷ್ಟ್ರೆ," ಎಂದ ಬಾಬಣ್ಣ. "ಬಂಗುಡೆ ಎಲ್ಲ ಖಾಲಿ ಆಯ್ತ್."

ಒಳಗೆ ಬಂದ ಮೇಲೆ ಎರಡು ಮಾತು ಹುಟ್ಟಿದವು. "ಹ್ವಾಯ್, ಇದ್ ಕಂಪ್ಯೂಟರಾ, ಅಕ್ಕಿ ಮಿಲ್ಲಾ?" ಇದು ಭಾಸ್ಕರನದು. "ಪಾಸ್‌ಪೋರ್ಟ್ ಫೋಟೊ ತೆಗುವವ್ನಿಗೆ ನಿನ್ದೇ ಸಾಕ್ ಮಾರಾಯ." ಇದು ನನ್ನದು. ಅವನು ವೈರು ಸುತ್ತಿಕೊಂಡು ಹೋದವನು ತಿಂಗಳುಗಟ್ಟಲೆ ಬರಲಿಲ್ಲ.

ನನ್ನ ಯಂತ್ರ ಒಂದು ಗಂಟೆಯ ಕೆಲಸವನ್ನು ಹತ್ತು ನಿಮಿಷಕ್ಕೆ ಮುಗಿಸುತ್ತದೆ. ಉಳಿದ ಐವತ್ತು ನಿಮಿಷ ಯಾರೊಡನೆ ಕೂರಬೇಕೆಂದು ಯಾವ ಕಂಪೆನಿಯೂ ಡಬ್ಬಿಯ ಮೇಲೆ ಬರೆದಿಲ್ಲ. ಒಂದು ತುಂಡು ಮೀನು ಹುರಿದುಕೊಂಡು ಒಬ್ಬನೇ ಉಣ್ಣುವ, ಯಾರೂ ವಾದಿಸದ ಮನೆಯಲ್ಲಿ, ನಾನು ಹೇಳಿದ್ದೆಲ್ಲ ಸರಿಯೇ ಆಗುತ್ತಿತ್ತು. ಇದಕ್ಕಿಂತ ಬೇಸರದ ಗೆಲುವಿಲ್ಲ.

ಕಳೆದ ವಾರ ಬಸ್ಸು ಹತ್ತಿ ಕೋಟೇಶ್ವರದಲ್ಲಿ ಇಳಿದೆ. ಭಾಸ್ಕರ ಲೆನ್ಸ್ ಒರೆಸುತ್ತಿದ್ದ.

"ಅವತ್ ಮೊದ್ಲ್ ಹಂಗ್ಸದ್ ನಾನೇ," ಎಂದೆ.

"ಖಾತ್ರಿ ಇತ್ತಾ?"

"ಇಲ್ಲೆ."

ಅವನು ತಲೆಯೆತ್ತಿ ನೋಡಿದ. "ಖಾತ್ರಿ ಇಲ್ದೆ ನೀ ಒಂದ್ ಮಾತ್ ಒಪ್ದದ್ ಇದೇ ಮೊದ್ಲ್. ಕೂಕೊ, ಚಾ ತರ್ಸ್ತೆ."

ಚಹಾ ಮುಗಿಯುವ ಹೊತ್ತಿಗೆ ನಾವು ಮತ್ತೆ ವಾದಕ್ಕೆ ಬಿದ್ದಿದ್ದೆವು, ಈ ಸಲ ಕ್ಯಾಮೆರಾಗಳ ಬಗ್ಗೆ. ಹೊರಡುವಾಗ ಅವನು, ಅವತ್ತು ಫ್ಯಾನಿನ ಸದ್ದು ಹಿಡಿಯಲೆಂದು ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಇನ್ನೂ ಇದೆಯೆಂದು ಹೇಳಿ ಅದನ್ನು ನನಗೆ ಕಳಿಸಿದ. ಫೋನು ಆರಿಸಲು ಮರೆತದ್ದರಿಂದ ಆಮೇಲಿನ ನಮ್ಮ ಮಾತೂ ಅದರಲ್ಲಿತ್ತು. ಮನೆಯಲ್ಲಿ ಮೂರು ಸಲ ಕೇಳಿದೆ. ಪಾಸ್‌ಪೋರ್ಟ್ ಫೋಟೊ ಮೊದಲು, ಅಕ್ಕಿ ಮಿಲ್ಲು ಆಮೇಲೆ.