ಬೆಳ್ಳಿ ಇಲ್ಲದ ಸೆಲ್ಲು

ಅವಳ ಬೀಕರಿನಲ್ಲಿ ಬೆಳ್ಳಿ ನೀರು ಮೊದಲ ಸಲಕ್ಕೇ ಹಳದಿಯಾಯಿತು. ನನಗೆ ಹೊಟ್ಟೆ ಉರಿಯಿತು. ಮಧ್ಯಾಹ್ನದ ಬುತ್ತಿ ಬಿಚ್ಚಲೂ ಮನಸ್ಸಾಗಲಿಲ್ಲ.

ಪುತ್ತೂರಿನ ಕಾಲೇಜಿನ ಲ್ಯಾಬಿನಲ್ಲಿ ಸಂಶೋಧನೆಗೆ ಇದ್ದವರು ನಾವಿಬ್ಬರೇ. ನಾನು ಅಜ್ಜಾವರದ ಅಡಿಕೆ ತೋಟದವಳು. ಅವಳು ಇಚಿಲಂಪಾಡಿಯ ರಬ್ಬರ್ ತೋಟದವಳು, ಅಜ್ಜನ ಕಾಲದಲ್ಲಿ ಕೇರಳದಿಂದ ಬಂದ ಮನೆತನ. ಗಾಜಿನ ಮೇಲೆ ಬಿಳಿ ಪೇಸ್ಟು ಸವರಿ, ಸುಟ್ಟು, ಬಣ್ಣ ಕುಡಿಸಿ ಸೋಲಾರ್ ಸೆಲ್ಲು ಮಾಡುವುದು ನಮ್ಮ ಕೆಲಸ. ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣ ಸೇರಿಸಿದರೆ ಬೆಳಕು ನೇರ ದಾಟಿಹೋಗದೆ ಒಳಗೇ ಸುಳಿದಾಡುತ್ತದೆ, ಕರೆಂಟು ಹೆಚ್ಚುತ್ತದೆ. ಬೆಳ್ಳಿ ಕರಗಿಸಿದ ನೀರು ಹಳದಿಗೆ ತಿರುಗಿದರೆ ಆ ಕಣ ಆಯಿತೆಂದು ಲೆಕ್ಕ. ಯಾರ ಬೆಳ್ಳಿಯಿಂದ ಹೆಚ್ಚುತ್ತದೋ ಅವರು ಮಂಗಳೂರಿನ ಸಮ್ಮೇಳನದಲ್ಲಿ ಮಾತಾಡುವುದು. ಒಬ್ಬರೇ.

ನನ್ನದು ಹಳದಿಯಾಗುವಾಗ ತಡವಾಗಿತ್ತು, ಬಣ್ಣವೂ ತೆಳು. ಕಣವಾಗದೆ ಉಳಿದ ಬೆಳ್ಳಿ ಇದೆಯೋ ಎಂದು ಸಂಶಯ ಬಂತು. ನಮ್ಮ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ದಿನ ಮೈಲುತುತ್ತು, ಸುಣ್ಣ ಕಲಸಿ ಅದಕ್ಕೆ ಕತ್ತಿ ಅದ್ದಿ ನೋಡುತ್ತೇವೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಯೋಚಿಸುವ ಮೊದಲೇ ನನ್ನ ಕೈ ಪೇಸ್ಟು ಕೆರೆಯುವ ಬ್ಲೇಡನ್ನು ಬೀಕರಿಗೆ ಅದ್ದಿಬಿಟ್ಟಿತ್ತು. ನೋಡುತ್ತಿದ್ದಂತೆ ನೀರು ಬೂದಿ ಬಣ್ಣಕ್ಕೆ ತಿರುಗಿ, ತಳದಲ್ಲಿ ಕಪ್ಪು ಕೂತಿತು.

"ಎಂತ ಮಾರಾಯ್ತಿ, ಅದಕ್ಕೆ ಕಬ್ಬಿಣ ಹಾಕುದಾ?" ಎಂದಳು. ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. "ನನ್ನದು ಉಂಟಲ್ಲ, ಅರ್ಧ ತಕೊ."

"ಬೇಡ," ಎಂದೆ. ಅವಳ ಬೆಳ್ಳಿ ಹಾಕಿ ನಾನು ಗೆಲ್ಲುವುದೇ?

"ಹಾಗಾದ್ರೆ ಬೆಳ್ಳಿ ಅವಳೇ ನೋಡ್ಲಿ," ಎಂದರು ಕೇಳಿಸಿಕೊಂಡ ನಮ್ಮ ಗೈಡ್ ಸರ್. "ಬೆಳ್ಳಿ ಇಲ್ಲದ ಸೆಲ್ಲು ನೀನು ಮಾಡು. ಹೋಲಿಸ್ಲಿಕ್ಕೆ ಬೇಕಲ್ಲ."

ನನಗೆ ಹಟ ಹಿಡಿಯಿತು. ಅವಳ ಬೆಳ್ಳಿಯ ಸೆಲ್ಲು ನನ್ನ ಬರೀ ಸೆಲ್ಲಿನ ಮುಂದೆ ಸಪ್ಪೆಯಾಗಬೇಕು. ಪೇಸ್ಟನ್ನು ಕೈ ಸೋಲುವವರೆಗೆ ಅರೆದೆ. ಒಂದು ಗುಳ್ಳೆಯೂ ಏಳದಂತೆ ಗಾಜಿನ ಮೇಲೆ ಎಳೆದೆ. ಕುಲುಮೆಯ ಬಿಸಿಯನ್ನು ನಿಧಾನಕ್ಕೆ ಏರಿಸಿದೆ. ಅಷ್ಟು ಒಳ್ಳೆಯ ಗಾಜು ಆ ಲ್ಯಾಬಿನಲ್ಲಿ ಯಾರೂ ಮಾಡಿರಲಿಲ್ಲ, ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಸರ್ ಬಂದರು. ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತುಂಡುಗಳಲ್ಲಿ ಅರ್ಧವನ್ನು ಎತ್ತಿ ಅವಳ ಮೇಜಿನ ಮೇಲಿಟ್ಟರು.

"ಎರಡೂ ಒಂದೇ ಗಾಜಿಂದ ಆಗ್ಬೇಕು. ಇಲ್ಲದಿದ್ರೆ ಹೋಲಿಕೆಗೆ ಅರ್ಥ ಇಲ್ಲ."

ಸರಿಯಾದ ಮಾತೇ. ನನ್ನ ಗಾಜು ಅವಳ ಹಳದಿ ನೀರಿನಲ್ಲಿ ಮುಳುಗಿತು.

ದೀಪದ ಕೆಳಗೆ ಇಟ್ಟು ಅಳೆದವಳೂ ನಾನೇ. ನನ್ನ ಬರೀ ಸೆಲ್ಲು ನಾವು ಅದುವರೆಗೆ ಮಾಡಿದ ಎಲ್ಲದಕ್ಕಿಂತ ಹೆಚ್ಚು ಕರೆಂಟು ಕೊಟ್ಟಿತು. ಅವಳದ್ದು ಅದಕ್ಕಿಂತಲೂ ಹೆಚ್ಚು. ಅದರ ಅಂಕೆ ಏರುತ್ತಿದ್ದಾಗ ಏರಬೇಡ, ಏರಬೇಡ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ.

ಮಂಗಳೂರಿನಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತೆ. ಪರದೆಯ ಮೇಲೆ ಎರಡು ಗೆರೆ. ಮೇಲಿನದು ಅವಳದ್ದು, ಕೆಳಗಿನದು ನನ್ನದು. ಹಿರಿಯರೊಬ್ಬರು ಎದ್ದು, ಬೆಳ್ಳಿ ಇಲ್ಲದೆಯೇ ಇಷ್ಟು ಬಂದದ್ದು ಹೇಗೆ ಎಂದು ಕೇಳಿದರು. ಅವಳು ನನ್ನ ಕಡೆ ಕೈ ತೋರಿಸಿದಳು.

"ಗಾಜು ಅವಳು ಮಾಡಿದ್ದು ಸರ್. ನಂದೂ ಅವಳ ಗಾಜಿನ ಮೇಲೇ ನಿಂತದ್ದು."

ಎಲ್ಲರೂ ತಿರುಗಿ ನೋಡಿದರು, ಚಪ್ಪಾಳೆ ತಟ್ಟಿದರು. ನಾನು ನಕ್ಕೆ. ಒಳಗೆ ಮಾತ್ರ ಮೊದಲಿಗಿಂತ ಜೋರಾಗಿ ಉರಿಯಿತು: ನಾನಾಗಿದ್ದರೆ ಅವಳ ಕಡೆ ಕೈ ತೋರಿಸುತ್ತಿರಲಿಲ್ಲ.