ಮನಿಲಾದ ಮಧ್ಯಾಹ್ನ, ಅಡಿಲೇಡಿನ ಹೀಟರ್

ಹನ್ನೆರಡು ಗಂಟೆ ನಲವತ್ತು ನಿಮಿಷ. ನಾನು ಗಡಿಯಾರ ನೋಡಿದ್ದು ಮಗಳಿಗೆ ಔಷಧಿ ಕೊಡಬಹುದೇ ಎಂದು ತಿಳಿಯಲು. ಐದು ವರ್ಷದ ಅವಳು ಸೋಫಾದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಮಮ್, ಮೈ ಹೆಡ್ ಹರ್ಟ್ಸ್," ಎಂದಳು. ನೆಗಡಿಗೆಂದು ಬೆಳಿಗ್ಗೆ ಕೊಟ್ಟ ಔಷಧಿಗೆ ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ. "ಸ್ವಲ್ಪ ತಡಿ ಪುಟ್ಟಿ," ಎಂದೆ. ನನಗೂ ತಲೆ ನೋಯುತ್ತಿತ್ತು. ಟಿವಿಯ ಪಕ್ಕ ನೆಲದ ಮೇಲೆ ಕೂತು ಹಿಂಬದಿಯ ಗುಂಡಿ ತಿರುಗಿಸುತ್ತಿದ್ದ ಗೆಳತಿಗೂ ನೋಯುತ್ತಿತ್ತು. ಪರದೆಯ ಮೇಲೆ ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇತ್ತು. ಅದನ್ನು ನೋಡಿಯೇ ತಲೆನೋವು ಎಂದು ಇಬ್ಬರೂ ಮಾತಾಡಿಕೊಂಡೆವು.

ಎಂಬತ್ತಮೂರರ ಚಳಿಗಾಲ. ಅಡಿಲೇಡಿನಲ್ಲಿ ನಮ್ಮದು ಬಾಡಿಗೆಯ ಹಳೆಯ ಮನೆ. ಗಂಡ ಡಾಕ್ಟರು, ಆ ಭಾನುವಾರ ಡ್ಯೂಟಿಯಲ್ಲಿದ್ದರು. ಗೆಳತಿ ಅದೇ ಆಸ್ಪತ್ರೆಯ ನರ್ಸ್, ಮನಿಲಾದವಳು, ಒಂಟಿ.

ಅವಳ ಪರಿಚಯವಾದದ್ದು ದೇಶದ ಪಶ್ಚಿಮ ತುದಿಯ ಪರ್ತಿನಲ್ಲಿ. ಎಂಬತ್ತರಲ್ಲಿ ನಾವು ಅಲ್ಲಿಗೆ ಬಂದಿಳಿದಾಗ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಅವಳದು ಪಕ್ಕದ ಮನೆ. ನನ್ನನ್ನು "ಆತೆ" ಎಂದು ಕರೆಯುತ್ತಿದ್ದಳು. ಅವರಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆ. ಗಡಿಯಾರದಲ್ಲಿ ಹನ್ನೆರಡಾದರೆ ಸಾಕು, ಅವಳ ಮುಖ ಸಣ್ಣಗಾಗುತ್ತಿತ್ತು. ಪರ್ತಿನ ಗಡಿಯಾರವೂ ಮನಿಲಾದ ಗಡಿಯಾರವೂ ಒಂದೇ. ಅಲ್ಲಿ ಈಗ ಬೀದಿ ಬೀದಿಯಲ್ಲಿ ಒಂದೇ ಕಾರ್ಯಕ್ರಮದ ಸದ್ದು ಕೇಳುತ್ತಿರುತ್ತದೆ ಎನ್ನುತ್ತಿದ್ದಳು. ಅವಳು ಹೊರಡುವ ಹಿಂದಿನ ವರ್ಷ, ಎಪ್ಪತ್ತೊಂಬತ್ತರಲ್ಲಿ, ಶುರುವಾಗಿದ್ದ ಕಾರ್ಯಕ್ರಮ. ಹಾಡು, ಕುಣಿತ, ಬಹುಮಾನ, ಮೂವರು ನಿರೂಪಕರ ತರಲೆ. ಹೆಸರಿನಲ್ಲಿ ಅರ್ಧ ಊಟ, ಇನ್ನರ್ಧ ಮಗುವಿನ ಮುಂದೆ ಮುಖ ಮುಚ್ಚಿ ತೆರೆಯುವಾಗ ಹಾಕುವ ಕೂಗು.

"ಮೊದಮೊದಲು ಯಾರೂ ನೋಡ್ತಿರಲಿಲ್ಲ ಆತೆ," ಎಂದು ಸೊಪ್ಪು ಬಿಡಿಸುತ್ತಾ ಹೇಳಿದ್ದಳು. "ಇನ್ನೊಂದು ಚಾನೆಲ್ಲಲ್ಲಿ ಇಪ್ಪತ್ತು ವರ್ಷದ ಹಳೇ ಕಾರ್ಯಕ್ರಮ ಇತ್ತು. ನಮ್ಮಮ್ಮ ಅದನ್ನ ಬಿಟ್ಟು ಅಲ್ಲಾಡ್ತಿರಲಿಲ್ಲ. ಹೊಸಬರನ್ನ ನೋಡಿ, ಈ ಕೋತಿಗಳು ಕ್ರಿಸ್ಮಸ್‌ವರೆಗೂ ಉಳಿಯಲ್ಲ ಅಂತಿದ್ದಳು."

"ಉಳಿದ್ರಾ?"

"ಉಳಿಯೋದೇನು, ಅಮ್ಮನೇ ಈಗ ಆ ಕೋತಿಗಳ ಆಟ ಮುಗಿದ ಮೇಲೇ ಅಪ್ಪಂಗೆ ಊಟ ಹಾಕ್ತಾಳೆ."

ನಾವು ಅಡಿಲೇಡಿಗೆ ಹೋದ ಆರು ತಿಂಗಳಿಗೆ ಅವಳೂ ಅಲ್ಲಿಗೇ ವರ್ಗ ಮಾಡಿಸಿಕೊಂಡು ಬಂದಳು. ಮನಿಲಾದಿಂದ ಅವಳ ತಂಗಿ ಆ ಕಾರ್ಯಕ್ರಮದ ವಿಡಿಯೊ ಕ್ಯಾಸೆಟ್ ಕಳಿಸತೊಡಗಿದಳು. ಅಲ್ಲಿನ ಟಿವಿ ಪದ್ಧತಿ ಬೇರೆ, ಆಸ್ಟ್ರೇಲಿಯಾದ್ದು ಬೇರೆ. ಇಲ್ಲಿನ ಯಂತ್ರಗಳಲ್ಲಿ ಅವು ಓಡುತ್ತಿರಲಿಲ್ಲ. ನನ್ನ ಗಂಡ ಸಿಂಗಾಪುರದಲ್ಲಿ ಕೊಂಡ ಪ್ಲೇಯರ್ ಮಾತ್ರ ಓಡಿಸುತ್ತಿತ್ತು, ಆದರೆ ಟಿವಿ ಇಲ್ಲಿಯದೇ ಆದ್ದರಿಂದ ಚಿತ್ರಕ್ಕೆ ಬಣ್ಣವಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಒಬ್ಬರು ಗುಂಡಿ ಹಿಡಿದು ಕೂತಿರಬೇಕಿತ್ತು. ಹೀಗೆ ಆ ಕಾರ್ಯಕ್ರಮ ಬೆಳೆದದ್ದನ್ನು ನಾನು ಕಪ್ಪುಬಿಳುಪಿನಲ್ಲಿ ನೋಡಿದೆ. ಹಳೆಯ ಕ್ಯಾಸೆಟ್ಟುಗಳಲ್ಲಿ ಸಭಿಕರ ಸಾಲಿನಲ್ಲಿ ಖಾಲಿ ಕುರ್ಚಿಗಳಿದ್ದವು. ಬರಬರುತ್ತಾ ಜನ ಗೋಡೆಗೆ ಒರಗಿ ನಿಂತಿರುತ್ತಿದ್ದರು.

ಆ ಭಾನುವಾರದ ಕ್ಯಾಸೆಟ್ ಬೇರೆ ರೀತಿಯದು. ಮೇಲೆ ತಂಗಿ ಬರೆದಿದ್ದಳು: ಕೊನೆಯ ಭಾಗದಲ್ಲಿ ಅಮ್ಮ ಇದ್ದಾಳೆ. ಮಾರುಕಟ್ಟೆಯ ಗೆಳತಿಯರೊಂದಿಗೆ ಸ್ಟುಡಿಯೋಗೆ ಹೋಗಿದ್ದ ತಾಯಿಯ ಮುಂದೆ ನಿರೂಪಕನೊಬ್ಬ ಮೈಕ್ ಹಿಡಿದಿದ್ದನಂತೆ. ಗೆಳತಿ ಅಮ್ಮನ ಮುಖ ನೋಡಿ ಮೂರು ವರ್ಷವಾಗಿತ್ತು. ಮುಂದಕ್ಕೆ ಓಡಿಸಿದರೆ ಚಿತ್ರ ಹರಿದುಹೋಗುತ್ತಿತ್ತು, ಅಮ್ಮ ಎಲ್ಲಿ ದಾಟಿಹೋದಳೆಂದು ತಿಳಿಯುತ್ತಿರಲಿಲ್ಲ. ಮೊದಲಿನಿಂದಲೇ ನೋಡಬೇಕಿತ್ತು.

ಕ್ಯಾಸೆಟ್ ಹಾಕುವ ಮೊದಲೇ, ಅಮ್ಮನ ಮುಖ ಚೆನ್ನಾಗಿ ಕಾಣಲಿ ಎಂದು ಕಿಟಕಿಗೆ ಕಂಬಳಿ ಹೊದಿಸಿದೆ. ಬಾಗಿಲ ಕೆಳಗಿಂದ ಚಳಿಗಾಳಿ ನುಗ್ಗುತ್ತಿತ್ತು, ಅಲ್ಲಿಗೆ ಟವೆಲ್ ತುರುಕಿದೆ. ಗೋಡೆಯ ಗ್ಯಾಸ್ ಹೀಟರ್ ಹಚ್ಚಿದೆ. ಇಷ್ಟನ್ನೂ ಮಾಡಿದ್ದು ನಾನೇ.

ಹೀಟರಿನ ಜ್ವಾಲೆ ಹಳದಿಯಾಗಿತ್ತು. ನೋಡಿದೆ. ಬೆಚ್ಚಗೆ, ಚೆನ್ನಾಗಿದೆ ಅನ್ನಿಸಿತು. ಮದುವೆಗೆ ಮೊದಲು ಮೈಸೂರಿನ ಕಾಲೇಜಿನ ಲ್ಯಾಬಿನಲ್ಲಿ ಎರಡು ವರ್ಷ ಹುಡುಗಿಯರಿಗೆ ಕೆಮಿಸ್ಟ್ರಿ ಪ್ರಯೋಗ ಹೇಳಿಕೊಟ್ಟವಳು ನಾನು. ಬರ್ನರಿನ ಗಾಳಿಯ ತೂತು ಮುಚ್ಚಿ, ಜ್ವಾಲೆ ಹಳದಿಯಾದರೆ ಏನರ್ಥ ಎಂದು ಕೇಳುತ್ತಿದ್ದೆ. ಗಾಳಿ ಸಾಲದು ಮೇಡಂ, ಪೂರ್ತಿ ಉರಿಯುತ್ತಿಲ್ಲ, ವಿಷಾನಿಲ ಹುಟ್ಟುತ್ತದೆ ಎನ್ನುತ್ತಿದ್ದರು. ಸರಿಯುತ್ತರ. ಹುಡುಗಿಯರಿಗೆ ಗೊತ್ತಿದ್ದದ್ದು ಆ ದಿನ ನನಗೆ ಹೊಳೆಯಲಿಲ್ಲ.

ಒಂದು ಗಂಟೆಗೆ ಫೋನ್ ಬಂತು. ಡ್ಯೂಟಿಯ ದಿನ ಗಂಡ ಆ ಹೊತ್ತಿಗೆ ಫೋನ್ ಮಾಡುವುದು ರೂಢಿ. ಎದ್ದೆ, ಕಾಲು ನಿಲ್ಲಲಿಲ್ಲ. ಗೋಡೆ ಹಿಡಿದು ಹೋದೆ.

"ಏನಮ್ಮ, ನಿಮ್ಮ ಮನಿಲಾ ಸರ್ಕಸ್ ಮುಗೀತಾ?"

"ಇಲ್ಲ ರೀ. ಚಿತ್ರ ತುಂಬಾ ಉರುಳ್ತಿದೆ. ಮೂರು ಜನಕ್ಕೂ ತಲೆನೋವು."

"ಮೂರು ಜನಕ್ಕೂ? ಪುಟ್ಟಿನೂ ನೋಡ್ತಿದಾಳಾ?"

"ಇಲ್ಲ. ಅವಳು ಗೋಡೆ ಕಡೆ ತಿರುಗಿ ಮಲಗಿದಾಳೆ."

ಅವರ ದನಿ ಏರಿತು.

"ಟಿವಿ ನೋಡದೇ ಇರೋಳಿಗೆ ಟಿವಿಯಿಂದ ತಲೆನೋವು ಹೇಗೆ ಬರುತ್ತೆ? ಹೀಟರ್ ಹಾಕಿದ್ದೀಯಾ? ಹಾಕಿದ್ದೀಯಾ ಹೇಳು! ಅದನ್ನ ಮುಟ್ಟೋಕೂ ಹೋಗ್ಬೇಡ. ಮಗೂನ ಎತ್ಕೊಂಡು ಹೊರಗೆ ಹೋಗು. ಈಗಲೇ!"

ರಿಸೀವರ್ ಕೈಬಿಟ್ಟೆ. ಗೆಳತಿ ಮಾತು ಕೇಳಿಸಿಕೊಂಡಿರಲಿಲ್ಲ, ನನ್ನ ಮುಖ ನೋಡಿಯೇ ಎದ್ದಳು. ಮಗಳನ್ನು ಎತ್ತಿದೆ. ತಲೆ ನನ್ನ ತೋಳಿನಾಚೆ ಜೋತುಬಿತ್ತು. ಕರೆದೆ, ಓಗೊಡಲಿಲ್ಲ. ಬಾಗಿಲು ತಳ್ಳಿದರೆ ನಾನೇ ತುರುಕಿದ ಟವೆಲ್ ಅಡ್ಡ ಸಿಕ್ಕಿತು. ಗೆಳತಿ ಬಗ್ಗಿ ಅದನ್ನು ಕಿತ್ತೆಸೆದಳು, ಹಾಗೇ ಮಂಡಿಯೂರಿ ಕುಸಿದಳು, ಮತ್ತೆ ಎದ್ದಳು. ಆ ಟವೆಲನ್ನು ನಾನು ಮನಸ್ಸಿನಲ್ಲಿ ಇಂದಿಗೂ ಕೀಳುತ್ತಲೇ ಇದ್ದೇನೆ.

ಹೊರಗೆ ಒದ್ದೆ ಹುಲ್ಲಿನ ಮೇಲೆ ಮಗಳನ್ನು ಮಲಗಿಸಿದೆವು. ಗೆಳತಿ ಅವಳ ಬಾಯಿಗೆ ಬಾಯಿಟ್ಟು ಉಸಿರು ಊದಿದಳು, ನಿಲ್ಲಿಸಿ ನೋಡಿದಳು, ಮತ್ತೆ ಊದಿದಳು. ತೆರೆದ ಬಾಗಿಲಿನಿಂದ ಆ ಕಾರ್ಯಕ್ರಮದ ನಗೆ ಕೇಳುತ್ತಿತ್ತು. ನೂರಾರು ಜನ ಒಟ್ಟಿಗೆ ನಗುತ್ತಿದ್ದರು. ಆಮೇಲೆ ಮಗಳು ಕೆಮ್ಮಿ, ವಾಂತಿ ಮಾಡಿಕೊಂಡು, ಅತ್ತಳು. ಗಂಡ ಕಳಿಸಿದ ಆಂಬ್ಯುಲೆನ್ಸ್ ಬಂತು.

ಆಸ್ಪತ್ರೆಯಲ್ಲಿ ಮೂವರಿಗೂ ಆಕ್ಸಿಜನ್ ಕೊಟ್ಟರು. ಮಗಳು ಎರಡು ದಿನಕ್ಕೆ ಚೇತರಿಸಿಕೊಂಡು ಐಸ್‌ಕ್ರೀಮ್ ಕೇಳಿದಳು. ಹೀಟರಿನ ಹೊಗೆಕೊಳವೆಯಲ್ಲಿ ಹಕ್ಕಿಯ ಹಳೆಯ ಗೂಡು ಸಿಕ್ಕಿತೆಂದು ಮನೆಯ ಮಾಲೀಕರು ತಿಳಿಸಿದರು. ಎಲ್ಲ ಮುಗಿಯಿತೆಂದು ಎಲ್ಲರೂ ಅಂದರು.

ನನಗೆ ಮುಗಿಯಲಿಲ್ಲ. ಪ್ರತಿ ರಾತ್ರಿ ಎರಡು ಮೂರು ಸಲ ಎದ್ದು ಮಗಳ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ. ಅವಳ ಕೋಣೆಯ ಕಿಟಕಿ ಮುಚ್ಚಿಕೊಳ್ಳದಂತೆ ಮರದ ಸೌಟೊಂದನ್ನು ಸಿಕ್ಕಿಸಿದ್ದೆ. ಅವಳು "ಇಟ್ಸ್ ಫ್ರೀಜಿಂಗ್, ಮಮ್" ಎಂದು ಅಳುತ್ತಿದ್ದಳು. ಇನ್ನೊಂದು ಕಂಬಳಿ ಹೊದಿಸುತ್ತಿದ್ದೆ, ಸೌಟು ತೆಗೆಯುತ್ತಿರಲಿಲ್ಲ.

ಆ ಕ್ಯಾಸೆಟ್ ಖಾಲಿ ಮನೆಯಲ್ಲಿ ಕೊನೆಯವರೆಗೂ ಓಡಿ ನಿಂತಿತ್ತು. ಅದನ್ನು ಸೀರೆಗಳ ಪೆಟ್ಟಿಗೆಯ ತಳದಲ್ಲಿಟ್ಟೆ. ಗೆಳತಿ ಕೇಳಲಿಲ್ಲ. ತನ್ನ ಕ್ಯಾಸೆಟ್‌ನಿಂದಲೇ ಹೀಗಾಯಿತೆಂದು ಅವಳಿಗೆ, ನನ್ನ ಟವೆಲ್‌ನಿಂದ ಎಂದು ನನಗೆ. ಇಬ್ಬರೂ ಬಾಯಿ ಬಿಡಲಿಲ್ಲ. ಅವಳಮ್ಮ ಮಾತ್ರ ಪ್ರತಿ ಕಾಗದದಲ್ಲೂ ಕೇಳುತ್ತಿದ್ದಳಂತೆ: ನನ್ನನ್ನು ನೋಡಿದೆಯಾ? ನೋಡಿದೆ ಎಂದು ಇವಳು ಸುಳ್ಳು ಬರೆಯುತ್ತಿದ್ದಳು.

ಎಂಬತ್ತೈದರಲ್ಲಿ ನಾವು ಬ್ರಿಸ್ಬೇನಿನ ಪಕ್ಕದ ಇಪ್ಸ್‌ವಿಚ್‌ಗೆ ಬಂದೆವು. ಕಂಬಗಳ ಮೇಲೆ ನಿಂತ ಮರದ ಮನೆ, ಹಲಗೆಗಳ ಸಂದಿಯಲ್ಲೆಲ್ಲ ಗಾಳಿ. ಹೀಟರ್ ಇರಲಿಲ್ಲ. ಆದರೂ ಸೌಟು ನಮ್ಮ ಜೊತೆ ಬಂತು.

ಎಂಬತ್ತೇಳರಲ್ಲಿ ಗೆಳತಿ ಒಂದು ವಾರದ ರಜೆಗೆ ಬಂದಳು. ಭಾನುವಾರ ಮಧ್ಯಾಹ್ನ ಅನ್ನ ಸಾರು ಬಡಿಸುತ್ತಿದ್ದಾಗ ಕೇಳಿದಳು: "ಆತೆ, ಅದು ಇನ್ನೂ ಇದೆಯಾ?"

ಯಾವುದೆಂದು ನಾನು ಕೇಳಲಿಲ್ಲ. ಪೆಟ್ಟಿಗೆಯ ತಳದಿಂದ ಆ ಕ್ಯಾಸೆಟ್ ತಂದುಕೊಟ್ಟೆ. ಮನೆಯ ಕಿಟಕಿಗಳನ್ನೆಲ್ಲ ತೆರೆದೆ. ಮಗಳಿಗೆ ಆಗ ಒಂಬತ್ತು. "ಆಂಟಿ, ಈಸ್ ಇಟ್ ಫನ್ನಿ?" ಎಂದು ಬಂದು ನಮ್ಮಿಬ್ಬರ ನಡುವೆ ಕೂತಳು. ಎರಡೂ ಪದ್ಧತಿಗೆ ಒಗ್ಗುವ ಹೊಸ ಟಿವಿಯಲ್ಲಿ ಚಿತ್ರ ಉರುಳಲಿಲ್ಲ, ಬಣ್ಣವೂ ಬಂತು. ಅಂದು ಹುಲ್ಲಿನ ಮೇಲೆ ಕೇಳಿದ ಆ ದೊಡ್ಡ ನಗೆ ಬಂದಾಗ ಮಗಳ ಕೈ ಹಿಡಿದುಕೊಂಡೆ. ನಿರೂಪಕನ ಕಾಲು ಜಾರಿತ್ತು. ಅಷ್ಟಕ್ಕೇ ನಕ್ಕಿದ್ದರು.

ಅದಾದ ಸ್ವಲ್ಪ ಹೊತ್ತಿಗೆ ಹಸಿರು ಹೂವಿನ ಅಂಗಿ ತೊಟ್ಟ ಕುಳ್ಳ ಹೆಂಗಸೊಬ್ಬಳು ಮೈಕಿನ ಮುಂದೆ ಎದ್ದು ನಿಂತಳು. ನಿರೂಪಕ ಏನೋ ಕೇಳಿದ. ಅವಳು ಅವನನ್ನು ಪಕ್ಕಕ್ಕೆ ಸರಿಸಿ ನೇರ ಕ್ಯಾಮೆರಾ ನೋಡಿ ಮಾತಾಡಿದಳು. ಸಭಿಕರು ಚಪ್ಪಾಳೆ ತಟ್ಟಿದರು. ಅಷ್ಟೇ. ಒಂದು ನಿಮಿಷವೂ ಇರಲಿಲ್ಲ.

ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು.

"ಏನಂದ್ರು?" ಎಂದೆ.

"ಅಲ್ಲಿ ಚಳಿಯಂತೆ ಮಗಳೇ... ಕಿಟಕಿ ಮುಚ್ಕೊಂಡು ಬೆಚ್ಚಗೆ ಮಲಗು ಅಂತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮೊದಲು ನಕ್ಕವಳು ಅವಳು. ನಗುತ್ತಾ ನಗುತ್ತಾ ಅಳತೊಡಗಿದಳು. "ನಾನು ಟವೆಲ್ ತುರುಕಿದ್ದೆ," ಎಂದೆ. ನಾಲ್ಕು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಗೊತ್ತು ಆತೆ," ಎಂದಳು. "ನಾನೂ ಅದನ್ನ ಕಾಲಲ್ಲಿ ಇನ್ನಷ್ಟು ಒಳಗೆ ಒತ್ತಿದ್ದೆ. ಅಮ್ಮನ ಮುಖ ಬರೋ ಹೊತ್ತಿಗೆ ಚಳಿ ಆಗ್ಬಾರ್ದು ಅಂತ."

ಅವಳು ಅಂದೇ ಅಮ್ಮನಿಗೆ ಕಾಗದ ಬರೆದಳು. ಏನು ಬರೆದಳೆಂದು ನಾನು ಕೇಳಲಿಲ್ಲ.

ಅವತ್ತು ರಾತ್ರಿ ಮಳೆ ಬಂದು ಮಗಳ ಹಾಸಿಗೆಯ ಮೇಲೆ ಎರಚಲು ಬೀಳುತ್ತಿತ್ತು. ಗಂಡ ಬಾಗಿಲಲ್ಲಿ ನಿಂತು, "ಕಿಟಕಿ ಏನ್ಮಾಡ್ಲಿ?" ಎಂದು ಕೇಳಿದರು. ಮಳೆ ಬಂದಾಗಲೆಲ್ಲ ಹಾಗೆ ಕೇಳುತ್ತಿದ್ದರು, ನಾನು ಮುಚ್ಚಬೇಡಿ ಎನ್ನುತ್ತಿದ್ದೆ.

"ಮುಚ್ಚಿಬಿಡಿ," ಎಂದೆ.

ಬೆಳಿಗ್ಗೆ ಯಾರೋ ನನ್ನ ಮೂಗಿನ ಕೆಳಗೆ ಬೆರಳಿಟ್ಟಿದ್ದರು. ಕಣ್ಣು ಬಿಟ್ಟೆ. ಮಗಳು ಸ್ಕೂಲ್ ಯೂನಿಫಾರ್ಮ್ ಹಾಕಿ, ಜಡೆಯನ್ನು ತಾನೇ ಸೊಟ್ಟಗೆ ಹೆಣೆದುಕೊಂಡು, ನನ್ನ ಮೇಲೆ ಬಗ್ಗಿ ನಿಂತಿದ್ದಳು.

"ಮಮ್, ಯು ಸ್ಲೆಪ್ಟ್ ಇನ್," ಎಂದಳು. ಎಂಟು ಗಂಟೆ ದಾಟಿತ್ತು.