ಐದನೇ ಹಾಡು ಮುಗಿದ ಮೇಲೆ

ಒಂದೇ ಒಂದು ಸಿ.ಡಿ. ಕೇಳು ಅಂದಿದ್ದ ನನ್ನ ತಮ್ಮ. ನಾನು ಕೇಳಲಿಲ್ಲ. ಕೇಳಿದೆ ಎಂದು ಸುಳ್ಳು ಹೇಳಿದೆ.

ಮೊನ್ನೆ ಅವನ ಹಳೇ ಕಾರನ್ನು ಒರೆಸುವಾಗ ಸೀಟಿನಡಿ ಅದು ಸಿಕ್ಕಿತು. ಅದರ ಡಬ್ಬಿಗೆ ಇನ್ನೂ ಶೇಂಗಾ ಚಟ್ನಿಪುಡಿಯ ವಾಸನೆ... ಎಡಿಸನ್ ಊರಿನ ನಮ್ಮ ಮನೆಯಲ್ಲಿ ನಾನು ಮಾಡುತ್ತಿದ್ದ ರೊಟ್ಟಿ, ಚಟ್ನಿಪುಡಿಯನ್ನು ಹಿಲ್ಸ್‌ಬರೋವರೆಗೂ ಮನೆಮನೆಗೆ ಮುಟ್ಟಿಸುತ್ತಿದ್ದವನು ಅವನೇ.

ನನ್ನ ಬಳಿ ಬರುವ ಮೊದಲು ಅವನು ಜಾರ್ಜಿಯಾದ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಆರು ವರ್ಷ ದುಡಿದಿದ್ದ. ಅಲ್ಲಿಯ ಜೊತೆಗಾರ ಕೊಟ್ಟದ್ದು ಆ ಸಿ.ಡಿ., ಆ ದಕ್ಷಿಣ ರಾಜ್ಯದವನೇ ಒಬ್ಬ ಹಾಡಿದ ರ‍್ಯಾಪ್. ಪತ್ರಿಕೆಯವರು ಅದನ್ನು ಹೊಗಳಿರಲಿಲ್ಲವಂತೆ. ಎಲ್ಲ ಒಂದೇ ತಾಳ, ನಡುವೆ ಹಾಡುಗಾರನ ತಾಯಿಯ ಫೋನ್ ಮಾತು ಯಾಕೆ ಬೇಕಿತ್ತು ಎಂದು ಬರೆದಿದ್ದರಂತೆ. ಕೇಳುಗರು ಇಂಟರ್‌ನೆಟ್ಟಿನಲ್ಲಿ ಅವರೊಡನೆ ಜಗಳಕ್ಕೇ ನಿಂತಿದ್ದರು. ತಮ್ಮನೂ ಅವರಲ್ಲೊಬ್ಬ.

"ಅಕ್ಕಾ, ನೀ ರೊಟ್ಟಿ ಬಡಿಯೂವಾಗ ಅವ್ವನ ಬೀಸೂ ಪದ ಹಾಡ್ತಿ. ಅದಕ್ಕೂ ಒಂದ ತಾಳ ಅಲ್ಲೇನು? ಐದನೇ ಹಾಡು ಮುಗದ ಮ್ಯಾಲ ಬಂದ್ ಮಾಡಬ್ಯಾಡ, ತಡಿ. ಹೆಂಗನಿಸ್ತು ಹೇಳು, ನಿನ್ನ ಮಾತೂ ಬರೀತೀನಿ."

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಭಿಪ್ರಾಯವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಆದರೂ ಸಿ.ಡಿ. ನಾಲ್ಕು ದಿನ ಫ್ರಿಜ್ಜಿನ ಮೇಲೆಯೇ ಇತ್ತು. ಕೊನೆಗೆ, "ಕೇಳಿದೆ ತಮ್ಮಾ, ಅವ್ವನ ಪದ ಕೇಳಿದಂಗಾತು" ಅಂದುಬಿಟ್ಟೆ. ಅವನು ಹಿಗ್ಗಿದ. ಹಾಡು ಬಲ್ಲ ನಮ್ಮಕ್ಕ ಹೀಗಂದಳು ಎಂದು ಆ ಇಂಟರ್‌ನೆಟ್ ಜಗಳದಲ್ಲೇ ಇಂಗ್ಲಿಷಿನಲ್ಲಿ ಬರೆದ.

ಆ ವರ್ಷದ ಯುಗಾದಿ ಊಟದಲ್ಲಿ ಅಂಕಲ್ ಒಬ್ಬರು ಅದನ್ನು ಫೋನಿನಲ್ಲಿ ತೆಗೆದು ಎಲ್ಲರಿಗೂ ಓದಿ ಹೇಳಿದರು. "ಏನಮ್ಮಾ, ರೊಟ್ಟಿ ಬಿಟ್ಟು ರ‍್ಯಾಪ್ ಕ್ರಿಟಿಕ್ ಆಗಿಬಿಟ್ರಾ? ಎಲ್ಲಿ, ಒಂದು ಲೈನ್ ಹಾಡಿ ನೋಡೋಣ!"

ಎಲ್ಲರೂ ನಕ್ಕರು. ನನಗೆ ನಾಚಿಕೆಯಾಯಿತು. "ಅಯ್ಯ, ನಾ ಎಲ್ಲಿ ಕೇಳೀನ್ರಿ! ಇವನ ಹುಚ್ಚಿಗೆ ಹೂಂ ಅಂದೆ ಅಷ್ಟ" ಅಂದೆ.

ನಗು ಇನ್ನೂ ಜೋರಾಯಿತು. ತಮ್ಮ ಕೈಯಲ್ಲಿದ್ದ ಪಾಯಸದ ಬಟ್ಟಲು ಕೆಳಗಿಟ್ಟ. ಮನೆಗೆ ಬಂದು ಬರೆದದ್ದನ್ನು ಅಳಿಸಿಹಾಕಿದ. ರೊಟ್ಟಿ ಮುಟ್ಟಿಸುವುದನ್ನೇನೂ ನಿಲ್ಲಿಸಲಿಲ್ಲ. ಆದರೆ ನನ್ನೆದುರು ಮತ್ತೆಂದೂ ಹಾಡು ಹಾಕಲಿಲ್ಲ. ಹೋದ ಚಳಿಗಾಲದಲ್ಲಿ ಎದೆನೋವು ಬಂದು ತೀರಿಕೊಂಡ.

ಮೊನ್ನೆ ನಾನು ಯಾವಾಗಲೂ ಕೂರುತ್ತಿದ್ದ ಬದಿಯ ಸೀಟಿನಲ್ಲೇ ಕೂತು ಸಿ.ಡಿ. ಹಾಕಿದೆ. ಹಾಡಿನ ಮಾತು ಹೆಚ್ಚೇನೂ ತಿಳಿಯಲಿಲ್ಲ. ಐದನೆಯದು ಮುಗಿಯಿತು. ಬಂದ್ ಮಾಡದೆ ತಡೆದೆ. ಸಿ.ಡಿ.ಯೊಳಗೇ ಫೋನಿನ ಗಂಟೆ ಕೇಳಿತು, ಆಮೇಲೆ ಒಬ್ಬ ವಯಸ್ಸಾದ ತಾಯಿಯ ದನಿ. ಉಂಡೆಯಾ ಮಗನೇ, ನಿಮ್ಮಕ್ಕನಿಗೆ ಒಂದು ಫೋನ್ ಮಾಡು, ಅನ್ನುತ್ತಾಳೆ. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ.

ಸ್ಟೇರಿಂಗಿನ ಕಡೆ ತಿರುಗಿ, ದನಿ ತೆಗೆದೇ ಹೇಳಿದೆ: "ತಮ್ಮಾ, ಆವತ್ತ ನಾ ಕೇಳಿರಲಿಲ್ಲ. ಮಂದಿ ಮುಂದ ನಿನ್ನ ಸಣ್ಣವನ್ನ ಮಾಡಿದೆ. ಇವತ್ತ ಕೇಳಿದೆ. ನಂದ ತಪ್ಪಾತು, ತಮ್ಮಾ."